ನಡುವಿನ ಜಾಗ

ಆರೂ ನಲವತ್ತರ ಮೊದಲ ದೋಣಿ,
ಅಘನಾಶಿನಿಯಿಂದ ತದಡಿಗೆ.
ಟಿಕೆಟ್ಟಿನ ಮೇಲೆ ಸೀಟಿನ ನಂಬರಿಲ್ಲ.
ಆದರೂ ಮೊದಲ ದಿನ ನಾನು ಕೂತಲ್ಲೆಲ್ಲ
ಯಾರದೋ ನೆರಳು ಬಂದು ನಿಂತಿತು.

ಮೂತಿಯ ಹಲಗೆ ಬುಡಾನ್ ಸಾಬರದು,
ಐಸ್ ಫ್ಯಾಕ್ಟರಿಯ ಲೆಕ್ಕದ ಪುಸ್ತಕ ತೊಡೆಯ ಮೇಲೆ.
ಇಂಜಿನ್ನಿನ ಬಿಸಿ ಬರುವ ಮೂಲೆ
ಇಸಾಬೆಲ್ ಬಾಯಿಯ ಮೊಣಕಾಲಿಗೆ ಮೀಸಲು.
ಹೈಸ್ಕೂಲಿನ ಹುಡುಗರು ನಿಂತೇ ಬರಬೇಕು
ಮೀಸೆ ಮೂಡುವ ತನಕ.
ಇದನ್ನು ಯಾರು ಬರೆದರು?
ಯಾರೂ ಬರೆದಿಲ್ಲ.
ಅದಕ್ಕೇ ಅಳಿಸಲು ಬರುವುದಿಲ್ಲ.

ನಾನು ನರಗುಂದದವಳು,
ಅಂಚೆ ಕಚೇರಿಗೆ ಹೊಸಬಳು,
ಹೊಳೆಯೆಂದರೆ ನಡೆದು ದಾಟುವ ಮರಳು ಎಂದುಕೊಂಡವಳು.
ಹದಿನೇಳು ದಿನ ಕಂಬಿ ಹಿಡಿದು ನಿಂತೆ.
ಹದಿನೆಂಟನೆಯ ದಿನ
ಹೊನ್ನಮ್ಮ ಹರಿಕಂತ್ರ ತನ್ನ ಬುಟ್ಟಿಯನ್ನು
ಒಂದು ಗೇಣು ಸರಿಸಿದಳು:
"ಕುತ್ಕಣೇ ತಂಗಿ, ಎಷ್ಟ್ ದಿನ ನಿತ್ತೇ ಇರ್ತೆ?"
ಆ ಕಡೆ ಬೊಮ್ಮಿಯೂ ಸೆರಗು ಎಳೆದುಕೊಂಡು
ಚೂರು ಜರುಗಿದಳು.
ಊರು ನನ್ನನ್ನು ಒಳಗೆ ತಗೊಂಡಿತು ಅಂತ
ಆ ರಾತ್ರಿ ಅವ್ವನಿಗೆ ಫೋನು ಮಾಡಿದೆ.

ತಿಂಗಳು ಬೇಕಾಯಿತು ತಿಳಿಯಲು
ಅದು ಸೀಟಲ್ಲ, ಕೆಲಸ.

"ಅವ್ಳಿಗೆ ಹೇಳೇ ತಂಗಿ,
ನಿನ್ನೆ ಬಂಗಡೆ ದರ ಇಳಿಸಿದ್ದು ಯಾರು ಅಂತ ನಂಗೆ ಗೊತ್ತದೆ."
"ಇವ್ಳಿಗೆ ಹೇಳೇ ತಂಗಿ,
ಕೊಳ್ತದ್ದಕ್ಕೆ ದರ ಇಳಿಸ್ದೆ ಮಾಲೆ ಹಾಕ್ತ್ರ?"

ಇಬ್ಬರ ಮೊಣಕೈಗೂ ನನ್ನ ಪಕ್ಕೆಲುಬಿನ ಪರಿಚಯವಿದೆ.
ನಾನು ಬಾಯಿ ತೆರೆಯುವ ಮೊದಲೇ ಅವರಿಗೆ ಕೇಳಿರುತ್ತದೆ,
ಆದರೂ ಕಾಯುತ್ತಾರೆ.
ನನ್ನಿಂದ ಹೊರಟರೇ ಅದು ಮಾತು,
ಅಲ್ಲಿಯತನಕ ಗಾಳಿ.
ಮೀನು ತಿನ್ನದ ನಾನು
ಮಾತಿನ ಮುಳ್ಳು ಬಿಡಿಸುವುದು ಕಲಿತೆ,
ಒಂದೆರಡನ್ನು ಬೇಕೆಂದೇ ಬಿಡುವುದನ್ನೂ.

ನನಗಿಂತ ಮೊದಲು ಇಲ್ಲಿ ಮಾಂಕಾಳಿ ಕೂರುತ್ತಿದ್ದಳಂತೆ.
ಅವಳು ಮದುವೆಯಾಗಿ ಹೊನ್ನಾವರಕ್ಕೆ ಹೋದಮೇಲೆ
ನಾಲ್ಕು ತಿಂಗಳು ಇವರದು ಒಂದಕ್ಷರವಿಲ್ಲ,
ದೋಣಿಯೇ ಒಂದು ಮಗ್ಗುಲಿಗೆ ವಾಲುತ್ತಿತ್ತು
ಅಂದ ಜಟ್ಟಿ ಅಂಬಿಗ.
ಜಗಳ ಯಾತಕ್ಕೆ? ಕೇಳಿದೆ.
ಅವನು ನೀರು ನೋಡಿದ.
ಒಂದು ಹಿಡಿ ಶೆಟ್ಲಿಗೆ ಅಂದರು ಬುಡಾನ್ ಸಾಬರು.
ಚೀಟಿ ದುಡ್ಡು, ಅಂದಳು ಇಸಾಬೆಲ್ ಬಾಯಿ,
ಆಣೆಯಿಟ್ಟು.

ಬೊಮ್ಮಿಯ ಮಗನಿಗೆ ಕಾಲು ಮುರಿದು
ಅವಳು ಕುಮಟೆಯ ಆಸ್ಪತ್ರೆಯಲ್ಲಿ ಕೂತ ವಾರ
ಹೊನ್ನಮ್ಮ ಎರಡು ಬುಟ್ಟಿ ಹೊತ್ತಳು.
ಮರಳಿ ಬಂದ ದಿನ
ಕರವಸ್ತ್ರದ ಗಂಟು ನನ್ನ ಮಡಿಲಿಗೆ ಬಿತ್ತು.
"ಕೊಡೇ ಅವ್ಳಿಗೆ. ಲೆಕ್ಕ ಸಮ ಅದೆಯಾ ಕೇಳು."
ಬೊಮ್ಮಿ ಎರಡು ಸಲ ಎಣಿಸಿದಳು,
ನಾಣ್ಯಗಳನ್ನು ಮೂರು ಸಲ.
"ಸಮ ಅದೆ ಹೇಳು."
ಹೇಳಿದೆ.
ಅಷ್ಟೇ. ಯಾರೂ ಅಳಲಿಲ್ಲ.
ಇಂಜಿನ್ನು ಕೆಮ್ಮಿತು, ತದಡಿ ಬಂತು.

ಕಳೆದ ವಾರ ನನಗೆ ಜ್ವರ, ಮೂರು ದಿನ.
ನಾಲ್ಕನೆಯ ದಿನ ಓಡುತ್ತ ದಕ್ಕೆಗೆ ಬಂದರೆ
ಏಳಕ್ಕೆ ಮೂರು ನಿಮಿಷ.
ದೋಣಿ ಇನ್ನೂ ಹಗ್ಗ ಬಿಚ್ಚಿರಲಿಲ್ಲ.
ಹುಡುಗರು ಗಂಟೆ ತಪ್ಪಿತೆಂದು ಗೊಣಗುತ್ತಿದ್ದರು,
ಜಟ್ಟಿ ಇಲ್ಲದ ಕಸವನ್ನು ಇಂಜಿನ್ನಿನಿಂದ ತೆಗೆಯುತ್ತಿದ್ದ.
"ಮೂರು ದಿನ ಬುಟ್ಟಿ ಇಟ್ಕಂಡಿದ್ರು ನಡುವೆ," ಅಂದ ಮೆಲ್ಲಗೆ,
"ಬುಟ್ಟಿಗೇ ಹೇಳ್ತಿದ್ರು.
'ಅವ್ಳಿಗೆ ಹೇಳು ಬುಟ್ಟಿ, ತಂಗಿಗೆ ಜ್ವರ ಬಿಡ್ತಾ ಕೇಳು' ಅಂತ."

ಹೊನ್ನಮ್ಮ ಬುಟ್ಟಿ ಎತ್ತಿ ಕಾಲ ಬಳಿ ಇಟ್ಟಳು.
ಹಲಗೆಯ ಮೇಲೆ ಉಪ್ಪುನೀರಿನ ಒಂದು ವೃತ್ತ,
ಅಂಟಿಕೊಂಡ ನಾಲ್ಕಾರು ಹುರುಪೆ.
ಇಬ್ಬರೂ ಹೊಳೆಯ ಕಡೆ ಮುಖ ಮಾಡಿದ್ದರು,
ಎರಡು ಬೇರೆ ಬೇರೆ ಕಡೆ.

ನನ್ನ ಸೀರೆ ಇಸ್ತ್ರಿಯದು.
ಒರೆಸದೆ ಕೂತೆ.